ಬಾಗಿಲ ಮುಂದಿನ ಚೀಲಗಳು

ಮಕ್ಕಳೇ, ನೀವು ಮಲಗುವ ಜಾಗದಿಂದ ಮನೆಯ ಬಾಗಿಲಿಗೆ ಎಷ್ಟು ಹೆಜ್ಜೆ? ನಡುವೆ ಏನೇನು ಇಟ್ಟಿದ್ದೀರಿ? ಕತ್ತಲಲ್ಲಿ ಚಿಲಕ ಕೈಗೆ ಸಿಗುತ್ತದೆಯೇ? ಏಕೆ ಕೇಳುತ್ತಿದ್ದೇನೆ ಗೊತ್ತೇ?

1993ರಲ್ಲಿ ನಾನು ಆರನೆಯ ತರಗತಿಯಲ್ಲಿದ್ದೆ. ನಮ್ಮದು ಆಳಂದ ತಾಲ್ಲೂಕಿನ ಒಂದು ಹಳ್ಳಿ. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇದ್ದ ಹಳೆಯ ಮನೆ. ಹೆಸರಿನ ರಾಶಿ ಮುಗಿದಿತ್ತು. ಅಪ್ಪ ಚೀಲಗಳನ್ನು ಬಾಗಿಲ ಹತ್ತಿರ ಒಟ್ಟಿದ್ದರು. “ನಾಳೆ ತೆಗೆದರಾತು” ಎನ್ನುತ್ತಲೇ ಎಂಟು ದಿನ ಕಳೆದವು.

ಸೆಪ್ಟೆಂಬರ್ 30ರ ಬೆಳಗಿನ ಜಾವ, 3 ಗಂಟೆ 56 ನಿಮಿಷ. ಗಣಪತಿ ಕಳಿಸಿ ಬಂದು ಎಲ್ಲರೂ ಗಾಢ ನಿದ್ದೆಯಲ್ಲಿದ್ದೆವು. ಲಾರಿ ಮನೆಯೊಳಗೇ ನುಗ್ಗಿದಂಥ ಸದ್ದು. ಕೊಡಗಳು ಉರುಳಿದವು. ಮಾಳಿಗೆಯಿಂದ ಮಣ್ಣು ಸುರಿಯಿತು. “ಏಳ್ರಿ, ಹೊರಗ ನಡೀರಿ!” ಎಂದು ಅವ್ವ ಕೂಗಿದಳು. ಎಲ್ಲರೂ ಒಮ್ಮೆಲೇ ಬಾಗಿಲಿಗೆ ಓಡಿದೆವು. ಮುಂದಿದ್ದ ಮುತ್ಯಾ ಚೀಲಕ್ಕೆ ಎಡವಿ ಬಿದ್ದರು. ಅವರ ಮೇಲೆ ನಾನು ಬಿದ್ದೆ.

ಗೋಡೆ ಬಿರುಕು ಬಿಟ್ಟಿತ್ತು, ಮನೆ ಬಿದ್ದಿರಲಿಲ್ಲ. ಆದರೆ ಮುತ್ಯಾನ ತೊಡೆಯ ಎಲುಬು ಮುರಿದಿತ್ತು. ಆಮೇಲೆ ಅವರು ಕೋಲಿಲ್ಲದೆ ನಡೆಯಲಿಲ್ಲ. ಯಾರಾದರೂ ಕೇಳಿದರೆ, “ಭೂಕಂಪ ಅಲ್ಲಪಾ, ನನ್ನ ಕಾಲು ಮುರಿದದ್ದು ಹೆಸರಿನ ಚೀಲ” ಎನ್ನುತ್ತಿದ್ದರು.

ಆ ಭೂಕಂಪದ ಕೇಂದ್ರ ಗಡಿಯಾಚೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಬಳಿ ಇತ್ತು. ಪ್ರಮಾಣ ಸುಮಾರು 6.2. ಏಳೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಸತ್ತದ್ದು ತಮ್ಮದೇ ಮನೆಯ ಕಲ್ಲುಮಣ್ಣಿನ ಅಡಿಯಲ್ಲಿ.

ಏಕೆ ಹಾಗಾಯಿತು? ನಿಂತ ಬಸ್ಸು ಒಮ್ಮೆಲೇ ಹೊರಟರೆ ನೀವು ಹಿಂದಕ್ಕೆ ವಾಲುತ್ತೀರಿ ಅಲ್ಲವೇ? ಕಾಲು ಬಸ್ಸಿನೊಡನೆ ಹೋಗುತ್ತದೆ, ಮೈ ಇದ್ದಲ್ಲೇ ಇರಲು ನೋಡುತ್ತದೆ. ಇದೇ ಜಡತ್ವ. ನೆಲ ಅಲುಗಿದಾಗ ಮನೆಯ ಬುಡ ಅದರೊಡನೆ ಸರಿಯುತ್ತದೆ, ಮಾಳಿಗೆ ಹಿಂದೆ ಉಳಿಯುತ್ತದೆ. ಮಾಳಿಗೆ ಭಾರವಾದಷ್ಟೂ ಗೋಡೆಗೆ ಎಳೆತ ಹೆಚ್ಚು. ಕಲ್ಲುಗಳ ನಡುವೆ ಬರಿ ಮಣ್ಣಿದ್ದರೆ ಗೋಡೆ ಬಿಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ತಂಪು ಕೊಡುವ ಮಣ್ಣೇ ಅಂದು ಮುಳುವಾಯಿತು.

2021ರ ಅಕ್ಟೋಬರ್‌ನಲ್ಲಿ ನಮ್ಮದೇ ಜಿಲ್ಲೆಯ ಗಡಿಕೇಶ್ವಾರದ ಸುತ್ತ ನೆಲ ಮತ್ತೆ ಮತ್ತೆ ನಡುಗಿತು. ಭೂಕಂಪ ಇಂಥ ದಿನವೇ ಬರುತ್ತದೆಂದು ಮೊದಲೇ ಹೇಳಲು ಯಾರಿಗೂ ಬರುವುದಿಲ್ಲ. ಆದರೆ ತಯಾರಿ ನಮ್ಮ ಕೈಯಲ್ಲಿದೆ.

* ಬಾಗಿಲಿನ ದಾರಿ ಸದಾ ಖಾಲಿ ಇರಲಿ. ಹಾಸಿಗೆಯ ಮೇಲ್ಗಡೆ ಭಾರದ ಸಾಮಾನು ಬೇಡ.
* ತಲೆದಿಂಬಿನ ಹತ್ತಿರ ಬ್ಯಾಟರಿ, ಚಪ್ಪಲಿ ಇರಲಿ.
* ನೆಲ ನಡುಗಿದಾಗ ಬಾಗಿಲು ಹತ್ತಿರವಿದ್ದರೆ ಬಯಲಿಗೆ ಹೋಗಿ. ದೂರವಿದ್ದರೆ ಗಟ್ಟಿ ಮೇಜು ಅಥವಾ ಮಂಚದ ಕೆಳಗೆ ಸೇರಿ, ತಲೆಗೆ ಕೈ ಅಡ್ಡ ಹಿಡಿಯಿರಿ.
* ನಡುಕ ನಿಂತ ಮೇಲೆ ದೊಡ್ಡವರು ಒಲೆ ಆರಿಸಲಿ, ಗ್ಯಾಸ್ ಮತ್ತು ಕರೆಂಟ್ ಬಂದ್ ಮಾಡಲಿ. ಬಿರುಕು ಬಿಟ್ಟ ಮನೆಯೊಳಗೆ ಮತ್ತೆ ಹೋಗಬೇಡಿ.
* ಸಹಾಯಕ್ಕೆ 112, ಆಂಬುಲೆನ್ಸ್‌ಗೆ 108. ಈ ಸಂಖ್ಯೆಗಳು ಬಾಯಿಪಾಠವಾಗಿರಲಿ.

ಇಂದು ರಾತ್ರಿ ಒಂದು ಪ್ರಯೋಗ ಮಾಡಿ. ಕಣ್ಣು ಮುಚ್ಚಿ ಹಾಸಿಗೆಯಿಂದ ಬಾಗಿಲಿಗೆ ನಡೆಯಿರಿ. ಯಾವುದಕ್ಕೆ ಎಡವುತ್ತೀರೋ ಅದನ್ನು ಈಗಲೇ ಎತ್ತಿಡಿ. ಮನೆಯಲ್ಲಿ ಮುದುಕರಿದ್ದರೆ, ಕೂಸಿದ್ದರೆ, ಅವರ ಕೈಯನ್ನು ಯಾರು ಹಿಡಿಯಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಅಂದು ನಮ್ಮ ಮನೆಯಲ್ಲಿ ಮುತ್ಯಾನ ಕೈಯನ್ನು ಯಾರೂ ಹಿಡಿದಿರಲಿಲ್ಲ.