ಪೋ ನಗರದ ಅಮ್ಮ

ಮೇಷ್ಟ್ರಾಗಿದ್ದ ಕಾಲದಲ್ಲಿ ನಾನು ಪ್ರತಿವರ್ಷ ಮಕ್ಕಳಿಗೆ ಬರೆಸುತ್ತಿದ್ದ ವಾಕ್ಯವೊಂದಿತ್ತು: ‘ಚಂಪಾ ಎಂಬುದು ಭಾರತೀಯರು ಆಗ್ನೇಯ ಏಷ್ಯಾದಲ್ಲಿ ಸ್ಥಾಪಿಸಿದ ವಸಾಹತು.’ ಆ ಚಂಪಾ ಇದ್ದ ನೆಲವನ್ನು ಕಣ್ಣಾರೆ ಕಾಣುವ ಯೋಗ ಒದಗಿದ್ದು ನಿವೃತ್ತಿಯ ಅನಂತರ, ಮಗಳು ನಮ್ಮಿಬ್ಬರನ್ನೂ ವಿಯೆಟ್ನಾಮಿನ ನ್ಯಾಚಾಂಗ್ ಎಂಬ ಕಡಲೂರಿಗೆ ಕರೆದೊಯ್ದಾಗ.

ಕಡಲಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಊರಿನ ಉದ್ದಕ್ಕೂ ಬಾಗಿ ಮಲಗಿದ ಮರಳು, ತೆಂಗಿನ ಮರಗಳು, ಎದುರಿಗೆ ದ್ವೀಪಗಳು. ಬೆಳಗಿನ ಐದು ಗಂಟೆಗೆಲ್ಲ ಅಲ್ಲಿಯ ನನ್ನ ವಯಸ್ಸಿನವರು ನೀರಿಗಿಳಿದಿರುತ್ತಾರೆ. ನಾನು ಮೊಣಕಾಲಿನವರೆಗೆ ಇಳಿದು ತೃಪ್ತನಾದೆ.

ಕಾಯ್ ನದಿ ಸಮುದ್ರ ಸೇರುವಲ್ಲಿ ಒಂದು ಪುಟ್ಟ ಗುಡ್ಡ. ಅದರ ಮೇಲೆ ಪೋ ನಗರದ ಗುಡಿಗಳು. ಮೊದಲು ಛಾವಣಿ ಕಳೆದುಕೊಂಡ ಮಂಟಪದ ದಪ್ಪ ಕಂಬಗಳು, ಮೇಲೆ ಕೆಂಪು ಇಟ್ಟಿಗೆಯ ನಾಲ್ಕು ಗೋಪುರಗಳು. ಇಟ್ಟಿಗೆಗಳ ನಡುವೆ ಹುಡುಕಿದರೂ ಗಾರೆ ಕಾಣದು. ಕ್ರಿ.ಶ. 774ರಲ್ಲಿ ಹಡಗುಗಳಲ್ಲಿ ಬಂದ ದಾಳಿಕಾರರು ಇಲ್ಲಿದ್ದ ಗುಡಿಯನ್ನು ಸುಟ್ಟು ಮುಖಲಿಂಗವನ್ನು ಹೊತ್ತೊಯ್ದರು. ರಾಜ ಸತ್ಯವರ್ಮ 784ರಲ್ಲಿ ಮತ್ತೆ ಕಟ್ಟಿಸಿದ. 918ರಲ್ಲಿ ಭಗವತಿಗೆ ಚಿನ್ನದ ಮೂರ್ತಿ ಬಂತು. ಖ್ಮೇರರು ಅದನ್ನೂ ಒಯ್ದ ಮೇಲೆ, 965ರಲ್ಲಿ ಶಿಲೆಯದು.

ದೊಡ್ಡ ಗೋಪುರದ ಬಾಗಿಲುವಾಡದ ಕಲ್ಲಿನ ಮೇಲೆ ಶಾಸನವಿದೆ. ಕನ್ನಡಕ ಒರೆಸಿಕೊಂಡು ಬಗ್ಗಿದೆ. ನಮ್ಮ ಹಳೆಯ ಶಾಸನಗಳ ಲಿಪಿಗೆ ದಾಯಾದಿಗಳೆನ್ನಿಸುವ ಅಕ್ಷರಗಳು! ಒಂದೆರಡನ್ನು ಗುರುತಿಸಿಯೇಬಿಟ್ಟೆನೆಂಬ ಹುಮ್ಮಸ್ಸಿನಲ್ಲಿ ಮಗಳಿಗೆ, “ನೋಡು, ನಮ್ಮವರು ಬರೆದದ್ದು” ಎಂದೆ.

“ಯಾವ ನಮ್ಮವರು ಅಪ್ಪಾ? ಯಾವ ಊರಿನಿಂದ ಬಂದವರು?” ಎಂದಳು.

ಉತ್ತರ ಹೊಳೆಯಲಿಲ್ಲ. ನಾನು ಕಲಿತದ್ದು ಆರ್. ಸಿ. ಮಜುಂದಾರರ ಪೀಳಿಗೆಯ ಇತಿಹಾಸ. ಚಂಪಾ ಕುರಿತ ಅವರ 1927ರ ಗ್ರಂಥ ಸೇರಿದ್ದ ಮಾಲೆಯ ಹೆಸರಿನಲ್ಲೇ ‘ವಸಾಹತು’ ಎಂಬ ಮಾತಿತ್ತು. ಇಂದಿನ ವಿದ್ವಾಂಸರು ಹಾಗೆನ್ನುವುದಿಲ್ಲ. ಭಾರತದ ಸೈನ್ಯ ಹೋಗಿ ಆ ನಾಡನ್ನು ಗೆದ್ದಿತೆಂಬುದಕ್ಕೆ ಆಧಾರವಿಲ್ಲ. ವರ್ತಕರ, ಪಂಡಿತರ ಸಂಪರ್ಕದಿಂದ ಬಂದ ಲಿಪಿಯನ್ನೂ ದೇವರನ್ನೂ ಚಾಮ್ ಜನ ತಾವೇ ಆರಿಸಿ ತಮ್ಮದಾಗಿಸಿಕೊಂಡರು. ಮಲಯ ಭಾಷೆಗೆ ಬಂಧುವಾದ ತಮ್ಮ ನುಡಿಯನ್ನೂ ಅದೇ ಲಿಪಿಯಲ್ಲಿ ಕೆತ್ತಿದರು. ಪೋ ಇನಾ ನಗರ್ ಎಂದರೆ ನಾಡಿನ ತಾಯಿ. ಅದರಲ್ಲಿ ‘ನಗರ’ ಸಂಸ್ಕೃತದಿಂದ ಹೋದದ್ದು, ತಾಯಿ ಅವರವಳು. ಇಷ್ಟನ್ನು ನಿವೃತ್ತಿಯ ಮೇಲೆ ಓದಿ ತಿಳಿದಿದ್ದೆ. ಆದರೂ ಕಲ್ಲಿನೆದುರು ನಿಂತಾಗ ಬಾಯಿಗೆ ಬಂದದ್ದು ಆ ಹಳೆಯ ವಾಕ್ಯವೇ!

ಪಾದರಕ್ಷೆ ಕಳಚಿ, ಅವರೇ ಕೊಟ್ಟ ನಿಲುವಂಗಿ ತೊಟ್ಟು ಒಳಹೊಕ್ಕೆವು. ಊದುಬತ್ತಿಯ ಹೊಗೆಯ ನಡುವೆ ಹತ್ತು ಕೈಗಳ ದೇವಿ, ವಸ್ತ್ರಾಲಂಕೃತೆ. ವಿಯೆಟ್ನಾಮೀಯರು ಅವಳನ್ನು ಬೇರೆ ಹೆಸರಿನಿಂದ ಪೂಜಿಸುತ್ತಾರೆ. ಪಕ್ಕದಲ್ಲಿದ್ದ ಅಲ್ಲಿಯ ಮುದುಕಿಯೊಬ್ಬಳು ನನ್ನಾಕೆಯ ಕೈಗೆ ಊದುಬತ್ತಿಯಿತ್ತಳು. ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ಕೈ ಮುಗಿದರು. “ಕುಂಕುಮ ಒಂದಿಲ್ಲ ನೋಡಿ” ಎಂದು ನನ್ನಾಕೆ ಪಿಸುಗುಟ್ಟಿದಳು.

ಊರಿಗೆ ಮರಳಿದ ವಾರ ಹಳೆಯ ಶಿಷ್ಯನೊಬ್ಬನಿಗೆ ಫೋನು ಮಾಡಿದೆ. ಅವನೂ ಈಗ ಇತಿಹಾಸದ ಮೇಷ್ಟ್ರು. ಚಂಪಾದ ಪಾಠ ಹೇಗೆ ಮಾಡುತ್ತೀಯಪ್ಪಾ ಎಂದು ಕೇಳಿದೆ.

“ನೀವು ಬರೆಸಿದ ಹಾಗೆಯೇ ಸಾರ್. ಆ ನೋಟ್ಸ್ ಇನ್ನೂ ಇಟ್ಟುಕೊಂಡಿದ್ದೇನೆ” ಎಂದು ಅಭಿಮಾನದಿಂದ ಹೇಳಿದ.

“ಭಾನುವಾರ ಬಿಡುವಾದರೆ ಮನೆಯ ಕಡೆ ಬಾ, ನೋಟ್ಸನ್ನೂ ತೆಗೆದುಕೊಂಡು ಬಾ” ಎಂದೆ.