ಎರಡು ತಿಂಗಳ ರಜೆ, ಹನ್ನೆರಡು ಸಾವಿರ ರೂಪಾಯಿ

ನಾಲ್ಕನೆಯ ಸೆಮಿಸ್ಟರಿನ ಪರೀಕ್ಷೆ ಮುಗಿದಾಗ ನನ್ನ ಮುಂದೆ ಎರಡು ದಾರಿಗಳಿದ್ದವು. ಒಂದು, ನಮ್ಮೂರು ರಾಯದುರ್ಗದ ಜೀನ್ಸ್ ಘಟಕವೊಂದರ ಕಚೇರಿಯಲ್ಲಿ ಎರಡು ತಿಂಗಳ ಇಂಟರ್ನ್‌ಷಿಪ್. ತಿಂಗಳಿಗೆ ಆರು ಸಾವಿರ ರೂಪಾಯಿ, ಕೊನೆಗೊಂದು ಪ್ರಮಾಣಪತ್ರ. ಇನ್ನೊಂದು, ಮಡಕಶಿರಾದ ಅತ್ತೆಯ ಮನೆಯಲ್ಲಿದ್ದುಕೊಂಡು, ನಿವೃತ್ತ ಕನ್ನಡ ಮೇಷ್ಟ್ರೊಬ್ಬರ ಬಳಿ ಶಾಸನಗಳ ಲಿಪಿಯನ್ನು ಕಲಿಯುವುದು. ಇದರಲ್ಲಿ ಹಣವೂ ಇಲ್ಲ, ಪತ್ರವೂ ಇಲ್ಲ.

ಹನ್ನೆರಡು ಸಾವಿರವೆಂದರೆ ನನ್ನ ಅಂತಿಮ ವರ್ಷದ ಶುಲ್ಕ. ಅಪ್ಪ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂಡುವವರು. ಮಗಳು ಲೆಕ್ಕದ ಪುಸ್ತಕದ ಮುಂದೆ ಕೂಡಲೆಂಬ ಅವರ ಆಸೆ ಸಣ್ಣದೆಂದು ನಾನು ಹೇಳಲಾರೆ.

ರಜೆಯಲ್ಲಿ ಕೆಲಸದ ಅನುಭವ ಬೇಕೆಂಬುದು ನಿಜ. ಆದರೆ ಆ ಕಚೇರಿಯ ಬಿಲ್ಲುಗಳು ಇಂಗ್ಲಿಷಿನಲ್ಲಿ, ವ್ಯವಹಾರ ತೆಲುಗಿನಲ್ಲಿ. ನಾನು ಓದಿದ ಕನ್ನಡಕ್ಕೆ ಅಲ್ಲಿ ಕೆಲಸವಿರಲಿಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೆ ಸೇರಿಸಿದರು. ಅಂದಿನಿಂದ ನಮ್ಮಲ್ಲಿ ಕನ್ನಡ ಮನೆಯಲ್ಲಿದೆ, ಕೆಲವು ಶಾಲೆಗಳಲ್ಲಿದೆ. ಅದನ್ನು ಕಲಿತವರನ್ನು ತರಬೇತಿಗೆ ಕರೆಯುವ ಕಚೇರಿ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಕಲ್ಲುಗಳಲ್ಲಿ ಇದೆಯಲ್ಲ ಎಂದುಕೊಂಡು ಮಡಕಶಿರಾದ ಬಸ್ಸು ಹತ್ತಿದೆ.

ಮಡಕಶಿರಾ ಸೀಮೆಯ ಹೇಮಾವತಿಯೇ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿನ ಶಿಲ್ಪಗಳಲ್ಲಿ ಕೆಲವು ಇಂದು ಚೆನ್ನೈ ವಸ್ತುಸಂಗ್ರಹಾಲಯದಲ್ಲಿವೆ. ಮೇಷ್ಟ್ರು ಮೊದಲ ಹದಿನೈದು ದಿನ ಕಲ್ಲಿನ ಹತ್ತಿರಕ್ಕೂ ಬಿಡಲಿಲ್ಲ; ಪಡಿಯಚ್ಚಿನ ಚಿತ್ರಗಳನ್ನು ಮುಂದಿಟ್ಟು ಅಕ್ಷರ ತಿದ್ದಿಸಿದರು. ‘ಮ’ ಮತ್ತು ‘ವ’ ಒಂದರಂತೊಂದು ಕಾಣುತ್ತವೆ. ಎ–ಏ, ಒ–ಓಗಳಿಗೆ ಬೇರೆ ಬೇರೆ ಗುರುತಿಲ್ಲ. ಪದಗಳ ನಡುವೆ ತೆರಪಿಲ್ಲ. ಹೀಗಾಗಿ ಕಣ್ಣು ಮಾತ್ರ ಸಾಲದು. ವ್ಯಾಕರಣ ಗೊತ್ತಿದ್ದವರಿಗಷ್ಟೇ ಪದ ಎಲ್ಲಿ ಒಡೆಯುತ್ತದೆಂದು ತಿಳಿಯುತ್ತದೆ. ತರಗತಿಯಲ್ಲಿ ನಾವು ಆಕಳಿಸುತ್ತ ಬರೆದುಕೊಂಡ ವಿಭಕ್ತಿ ಪ್ರತ್ಯಯಗಳು, ಱ, ೞಗಳು ಅಲ್ಲಿ ಕೈಹಿಡಿದವು. (ಪರೀಕ್ಷೆಯಲ್ಲಿ ಎರಡಂಕಕ್ಕಷ್ಟೇ ಬೆಲೆ ಬಾಳುತ್ತಿದ್ದ ೞಕಾರದ ಮೇಲೆ ನನಗೀಗ ವಿಶೇಷ ಗೌರವ.)

ಮೂರನೆಯ ವಾರ ಹೇಮಾವತಿಗೆ ಹೋದೆವು. ಕಲ್ಲಿನ ಮುಂದೆ ಅರ್ಧ ದಿನ ಕುಳಿತು ಒಂದು ಸಾಲನ್ನು ಓದಿದೆ. ‘ಸ್ವಸ್ತಿ’ಯನ್ನು ಬೇಗ ಗುರುತಿಸಿದೆ, ಉಳಿದದ್ದಕ್ಕೆ ಮೇಷ್ಟ್ರು ಎರಡು ಕಡೆ ತಲೆಯಾಡಿಸಿದರು, ಮೂರು ಕಡೆ ಸುಮ್ಮನಿದ್ದರು. ಸುಮ್ಮನಿದ್ದರೆ ಮತ್ತೆ ಓದಬೇಕೆಂದರ್ಥ.

ಅದೇ ಇಂಟರ್ನ್‌ಷಿಪ್ಪಿಗೆ ಹೋದ ಗೆಳತಿಗೆ ಈಗ ಆ ಕಚೇರಿಯಲ್ಲೇ ಭಾನುವಾರದ ಕೆಲಸ ಸಿಕ್ಕಿದೆ. ಅವಳ ಆಯ್ಕೆ ಅವಳ ಮನೆಗೆ ಸರಿಯಾಗಿತ್ತು, ತಂಗಿಯರಿಬ್ಬರೂ ಓದುತ್ತಿದ್ದಾರೆ. ವಾಣಿಜ್ಯ ಓದುವವಳಿಗೆ ಅಲ್ಲಿ ಕಲಿಯುವುದೂ ಇತ್ತು. ನಾನು ತೂಗಿದ್ದು ಒಂದನ್ನೇ: ಆ ಲೆಕ್ಕದ ಕೆಲಸವನ್ನು ಪದವಿಯ ನಂತರವೂ ಒಂದು ತಿಂಗಳಲ್ಲಿ ಕಲಿಯಬಹುದು, ಎಂಬತ್ತರ ಸಮೀಪದ ಮೇಷ್ಟ್ರ ಬಳಿ ಕೂಡುವ ಅವಕಾಶ ಮುಂದಿನ ವರ್ಷಕ್ಕೆ ಉಳಿಯುತ್ತದೆಂಬ ಭರವಸೆಯಿರಲಿಲ್ಲ.

ಶುಲ್ಕದ ಅರ್ಧವನ್ನು ಅತ್ತೆ ಸಾಲವಾಗಿ ಕೊಟ್ಟರು. ಉಳಿದರ್ಧಕ್ಕೆ ಅಪ್ಪ ರಾತ್ರಿ ಪಾಳಿಗೆ ಹೋಗುತ್ತಿದ್ದಾರೆ. ನಾನು ಓದಿದ ಸಾಲನ್ನು ಮೊನ್ನೆ ಅವರಿಗೆ ಬರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, “ಇದರಲ್ಲಿ ನಮ್ಮೂರಿನ ಹೆಸರು ಇದೆಯೇನಮ್ಮಾ?” ಎಂದು ಕೇಳಿದರು. ಆ ಸಾಲಿನಲ್ಲಿ ಇರಲಿಲ್ಲ. ಕೆಳಗಿನ ಸಾಲುಗಳನ್ನು ನಾನಿನ್ನೂ ಓದಿಲ್ಲ.