ಸಣ್ಣ ಗಾಯ, ದೊಡ್ಡ ಗಾಯ

ಮನುಷ್ಯನು ತನ್ನ ಬೇನೆಗಳಲ್ಲಿ ಕೆಲವನ್ನು ನಾಲ್ವರ ಮುಂದೆ ಬಣ್ಣಿಸಿ ಹೇಳುವನು. ಕೆಲವನ್ನು ಮನೆಯವರಿಗೂ ಮರೆಮಾಚುವನು. ವೈದ್ಯರು ಅಲ್ಸರೇಟಿವ್ ಕೊಲೈಟಿಸ್ ಎಂದು ಕರೆಯುವ ದೊಡ್ಡ ಕರುಳಿನ ಹುಣ್ಣಿನ ಬೇನೆಯು ಈ ಎರಡನೆಯ ಜಾತಿಯದು. ರಕ್ತ ಬೆರೆತ ಭೇದಿ, ಮೇಲಿಂದ ಮೇಲೆ ಬರುವ ಶಂಕೆ, ದಿನೇ ದಿನೇ ಸೊರಗುವ ಮೈ, ಇವನ್ನು ಹೇಳಿಕೊಳ್ಳಲು ನಾಲಗೆ ಹಿಂಜರಿಯುವದು. ಬೈಲಹೊಂಗಲದ ಪೇಟೆಗೆ ಹತ್ತಿ ತಂದ ಒಕ್ಕಲಿಗನಾಗಲಿ, ಸವದತ್ತಿಯ ಎಲ್ಲಮ್ಮನ ಗುಡ್ಡವನ್ನೇರುವ ಭಕ್ತೆಯಾಗಲಿ, ರಾಮದುರ್ಗದ ಸೀಮೆಯ ನೇಕಾರನಾಗಲಿ, ಇದನ್ನು ಮೂಲವ್ಯಾಧಿಯೆಂದೋ ಆಮಶಂಕೆಯೆಂದೋ ಬಗೆದು ವರುಷಗಳನ್ನು ಕಳೆಯುವದುಂಟು.

ಈ ರೋಗವು ಗುದದಿಂದ ಮೊದಲಾಗಿ, ದೊಡ್ಡ ಕರುಳಿನ ಒಳಪದರನ್ನು ಎಡೆಬಿಡದೆ ಮೇಲ್ಮುಖವಾಗಿ ವ್ಯಾಪಿಸುವದು. ಬಹು ಜನರಿಗೆ ಔಷಧದಿಂದಲೇ ಇದು ಹತೋಟಿಗೆ ಬರುವದು. ಔಷಧವು ಸೋತಾಗ, ರಕ್ತಸ್ರಾವವು ನಿಲ್ಲದಾಗ, ಕರುಳು ಉಬ್ಬಿ ಒಡೆಯುವ ಭಯವಿದ್ದಾಗ, ಇಲ್ಲವೆ ಅರ್ಬುದದ ಸಂಶಯ ಬಂದಾಗ, ಸುಮಾರು 5 ಅಡಿ ಉದ್ದದ ಆ ಕರುಳನ್ನೇ ತೆಗೆಯಬೇಕಾಗುವದು. ಮೊದಲು ಇಂಥ ರೋಗಿಯು ಬಾಳಿನುದ್ದಕ್ಕೂ ಹೊಟ್ಟೆಯ ಮೇಲೊಂದು ಚೀಲವನ್ನು ಧರಿಸಿರಬೇಕಾಗಿತ್ತು. 1978ರಲ್ಲಿ ಲಂಡನ್ನಿನ ಅಲನ್ ಪಾರ್ಕ್ಸ್ ಮತ್ತು ನಿಕಲ್ಸ್ ಎಂಬ ಶಸ್ತ್ರವೈದ್ಯರು ಸಣ್ಣ ಕರುಳಿನ ತುದಿಯನ್ನು ಮಡಚಿ, ಒಳಗೇ ಒಂದು ಸಂಚಿಯನ್ನು ಹೊಲಿದು, ಸಹಜದ ದಾರಿಗೇ ಜೋಡಿಸುವ ಕ್ರಮವನ್ನು ಪ್ರಕಟಿಸಿದರು.

ಇನ್ನು ಒಳಹೋಗುವ ದಾರಿ ಎರಡು. ಒಂದು, ಹೊಟ್ಟೆಯನ್ನು ನಟ್ಟನಡುವೆ ಉದ್ದಕ್ಕೆ ಸೀಳುವ ಹಳೆಯ ದಾರಿ. ಇನ್ನೊಂದು, ನಾಲ್ಕೈದು ಸಣ್ಣ ರಂಧ್ರಗಳನ್ನು ಮಾಡಿ, ವಾಯುವಿನಿಂದ ಉದರವನ್ನು ಉಬ್ಬಿಸಿ, ದುರ್ಬೀನಿನ ಕಣ್ಣಿನಿಂದ ಕೆಲಸ ಮಾಡುವ ಹೊಸ ದಾರಿ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಈ ರೀತಿಯಿಂದ ಪಿತ್ತಕೋಶವನ್ನು ತೆಗೆದನು. 1990ರಲ್ಲಿ ಮುಂಬಯಿಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು ಅದನ್ನು ಭಾರತಕ್ಕೆ ತಂದರು. ಈಗ ಬೆಳಗಾವಿ, ಹುಬ್ಬಳ್ಳಿಗಳ ದೊಡ್ಡ ದವಾಖಾನೆಗಳಿಗೆ ದುರ್ಬೀನು ಹೊಸದಲ್ಲ.

ಸಣ್ಣ ಗಾಯದ ಗುಣಗಳು ನಿಜವಾದವು. ನೋವು ಕಡಿಮೆ, ರೋಗಿಯು ಬೇಗನೆ ಎದ್ದು ತಿರುಗಾಡುವನು, ಗಾಯದ ಜಾಗದಲ್ಲಿ ಮುಂದೆ ಅಂಡವಾಯು ಏಳುವ ಭಯ ಕಡಿಮೆ, ಒಳಗೆ ಅಂಟುಗಳು ಕಡಿಮೆಯಾಗುವದರಿಂದ ತಾಯಿಯಾಗಬೇಕೆನ್ನುವ ತರುಣಿಗೆ ಇದು ಹೆಚ್ಚು ಹಿತ. ಆದರೆ ವೇಳೆ ಹೆಚ್ಚು ಹಿಡಿಯುವದು. ಪಳಗಿದ ಕೈ ಬೇಕು. ಅಲ್ಲದೆ, ಒಳಗೆ ಮಾಡುವ ಕೆಲಸವು ಎರಡರಲ್ಲಿಯೂ ಒಂದೇ. ತೆಗೆಯುವ ಕರುಳು ಅಷ್ಟೇ, ಹೊಲಿಯುವ ಸಂಚಿ ಅದೇ. ಆಮೇಲೆ ದಿನಕ್ಕೆ ಹಲವು ಸಲ ಹೊರಗೆ ಹೋಗುವ ತೊಂದರೆಯೂ ಬಹುಮಟ್ಟಿಗೆ ಅಷ್ಟೇ. ಹೊರಗಿನ ಗಾಯ ಚಿಕ್ಕದಾದ ಮಾತ್ರಕ್ಕೆ ಒಳಗಿನ ಶಸ್ತ್ರಕ್ರಿಯೆ ಚಿಕ್ಕದಾಗಲಾರದು. ದುರ್ಬೀನಿನಿಂದ ಆರಂಭಿಸಿದ ವೈದ್ಯನು ನಡುವೆ ತೊಡಕನ್ನು ಕಂಡು ಹೊಟ್ಟೆಯನ್ನು ತೆರೆದರೆ ಅದು ಸೋಲಲ್ಲ, ವಿವೇಕ.

ಚೆನ್ನಮ್ಮನ ಕಿತ್ತೂರ ನಾಡಿನವರು ಕತ್ತಿಗೆ ಅಂಜುವವರಲ್ಲವೆಂಬ ಹೆಮ್ಮೆಯುಂಟು. ವೈದ್ಯನ ಅಂಗುಲದ ಕತ್ತಿಗೆ ಮಾತ್ರ ಎಂಥ ಶೂರನೂ ಅಂಜುವನು. ಈ ಅಂಜಿಕೆಯೂ ಮೊದಲಿನ ಆ ನಾಚಿಕೆಯೂ ಕೂಡಿ ಕೆಡುಕನ್ನು ಮಾಡುವವು. ಕರುಳು ಒಡೆದು, ನಾಡಿ ಕುಸಿದು, ನಟ್ಟಿರುಳಿನಲ್ಲಿ ದವಾಖಾನೆಗೆ ಹೊತ್ತು ತಂದವನಿಗೆ ಆರಿಸಿಕೊಳ್ಳುವ ಅವಕಾಶವೆಲ್ಲಿ? ಅವನ ಜೀವ ಉಳಿಸಲು ಸಾಮಾನ್ಯವಾಗಿ ದೊಡ್ಡ ಗಾಯವೇ ಗತಿ. ವೇಳೆಗೆ ಬಂದವನಿಗೆ ಎರಡು ದಾರಿಗಳೂ ತೆರೆದಿರುವವು. ಸಣ್ಣ ಗಾಯದ ಭಾಗ್ಯವು ಯಂತ್ರದಿಂದ ಬರುವದಕ್ಕಿಂತ ಮೊದಲು, ಮನೆಯೊಳಗೆ ನಾಚದೆ ಆಡಿದ ಒಂದು ಮಾತಿನಿಂದ ಬರುವದು.